ಚಳಿ ನೋಡೋಕೆ ಬನ್ನಿ, ಹೊಗೆ ಫ್ರೀ

ಡಿಸೆಂಬರ್ ಹುಟ್ಟಿದರೆ ಸಾಕು, ಊರಿನಿಂದ ಫೋನು ಶುರು. ‘ಒಂದ್ಸಲ ಡೆಲ್ಲಿ ಚಳಿ ನೋಡ್ಬೇಕು ಕಣ್ರೀ ಭಾವ.’ ಮೇ ತಿಂಗಳಲ್ಲಿ ಇವರಿಗೆ ನಮ್ಮ ನಂಬರೇ ಸಿಗುವುದಿಲ್ಲ. 45 ಡಿಗ್ರಿಯಲ್ಲಿ ನೆಂಟಸ್ತನ ಆವಿಯಾಗಿರುತ್ತದೆ. ಬೀರುವಿನಿಂದ ಸ್ವೆಟರ್ ಹೊರಗೆ ಬರುವ ಹೊತ್ತಿಗೆ ರಕ್ತಸಂಬಂಧವೂ ಹೊರಗೆ ಬರುತ್ತದೆ.

ಬನ್ನಿ. ಮನೆ ಇದೆ, ರಜಾಯಿ ಇದೆ, ಬಿಸಿಬೇಳೆಬಾತ್ ಇದೆ. ಗಾಳಿ ಒಂದು ಇಲ್ಲ. ಅದನ್ನು ನೀವೇ ತಂದುಕೊಳ್ಳಿ.

ನಾವಿರುವುದು ರೋಹಿಣಿಯಲ್ಲಿ. ದಿಲ್ಲಿಯ ವಾಯವ್ಯ ಮೂಲೆ. 1980ರ ದಶಕದಲ್ಲಿ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ ಕಟ್ಟಲು ಶುರುಮಾಡಿದ ಉಪನಗರ. ಇಲ್ಲಿನ ಬಡಾವಣೆಗಳಿಗೆ ಹೆಸರಿಲ್ಲ, ಸೆಕ್ಟರ್ ನಂಬರ್ ಇದೆ. ವರ್ಷವಿಡೀ ನಮ್ಮನ್ನು ಕೇಳುವವರಿಲ್ಲ. ಚಳಿಗಾಲ ಬಂತೆಂದರೆ ಟಿವಿಯಲ್ಲಿ ದಿನಾ ನಮ್ಮೂರ ಹೆಸರು.

2025ರ ಡಿಸೆಂಬರ್ 14ರಂದು ದಿಲ್ಲಿಯ ಸರಾಸರಿ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ, 461. ರೋಹಿಣಿಯ ಮಾಪಕ 500ರ ಅಂಚಿನಲ್ಲಿತ್ತು. ಇನ್ನೂ ಮೇಲೆ ಹೋಗುವ ದಾರಿ ಅದಕ್ಕಿಲ್ಲ. ನಮ್ಮ ರಾಷ್ಟ್ರೀಯ ಸೂಚ್ಯಂಕದ ಗರಿಷ್ಠವೇ 500. ಗಾಳಿ ಎಷ್ಟೇ ಕೆಡಲಿ, ಅಂಕಿ ಅಲ್ಲಿಗೆ ನಿಲ್ಲುತ್ತದೆ. ಊರಿನ ಹುಡುಗನೊಬ್ಬ ಪರೀಕ್ಷೆಯಲ್ಲಿ ಇಷ್ಟು ತೆಗೆದಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ಅವನ ಫ್ಲೆಕ್ಸ್ ಏಳುತ್ತಿತ್ತು.

ನೆಂಟರಿಗೆ ಈ ಲೆಕ್ಕ ಹೇಳಿದರೆ ನಗುತ್ತಾರೆ. ‘ಅದೆಲ್ಲ ನ್ಯೂಸ್ ಚಾನೆಲ್‌ನೋರು ಹೇಳೋದು ಬಿಡಿ ಭಾವ.’ ಸರಿ, ಬಿಟ್ಟೆ. ಉಸಿರು ಬಿಡುವುದೂ ಸುಲಭವೇ. ಎಳೆದುಕೊಳ್ಳುವುದು ಕಷ್ಟ.

ಅವರ ಮಗನ ಕೈಯಲ್ಲಿ ಮೊಬೈಲ್. ಮೊಬೈಲಿನಲ್ಲಿ ಚೀನಾದ ಹಾರ್ಬಿನ್. ಮಂಜುಗಡ್ಡೆಯ ಅರಮನೆ, ಒಳಗೆ ಬಣ್ಣದ ದೀಪ. ‘ಇದರ ಮುಂದೆ ಡೆಲ್ಲಿ ಚಳಿ ಏನೂ ಅಲ್ಲ’ ಅನ್ನುತ್ತಾನೆ. ನಿಜ, ಮಗನೇ. ಹೊಗೆಯ ವಿಚಾರಕ್ಕೆ ಬಂದರೆ ಮಾತ್ರ ಅವರು ನಮ್ಮ ಮುಂದೆ ಏನೂ ಅಲ್ಲ.

ಹಾರ್ಬಿನ್ ಚೀನಾದ ಈಶಾನ್ಯ ತುದಿಯ ಊರು. ಜನವರಿಯಲ್ಲಿ ಮೈನಸ್ 20 ಅಲ್ಲಿ ಮಾಮೂಲು. ಸೊಂಗ್‌ಹುವಾ ನದಿ ಹೆಪ್ಪುಗಟ್ಟುತ್ತದೆ. ಅದನ್ನೇ ಕೊಯ್ದು ಕೋಟೆ ಕಟ್ಟಿ ಟಿಕೆಟ್ ಮಾರುತ್ತಾರೆ. 1985ರಿಂದ ಹಬ್ಬ ನಡೆದಿದೆ. 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಐಸ್ ಪಾರ್ಕ್ ತೆರೆದ ದಿನವೇ ಕ್ಯೂ ಕರಗಲಿಲ್ಲ. ಜನ ದುಡ್ಡು ವಾಪಸ್ ಕೇಳಿ ಗಲಾಟೆ ಮಾಡಿದರು. ಪಾರ್ಕಿನವರು ಕ್ಷಮೆ ಕೇಳಿ ದುಡ್ಡು ಕೊಟ್ಟರು.

‘ಇಂಡಿಯಾ ಗೇಟ್ ಕಾಣಲಿಲ್ಲ, ದುಡ್ಡು ಕೊಡಿ’ ಎಂದು ಇಲ್ಲಿ ಯಾರನ್ನು ಕೇಳುತ್ತೀರಿ? ಇಂಡಿಯಾ ಗೇಟಿಗೆ ಟಿಕೆಟ್ಟೇ ಇಲ್ಲ. ನಮ್ಮ ಸರ್ಕಾರ ಜಾಣ.

ಹಾರ್ಬಿನ್‌ನ ಇನ್ನೊಂದು ಕಥೆ ರೀಲ್ಸ್‌ನಲ್ಲಿ ಬರುವುದಿಲ್ಲ. 2013ರ ಅಕ್ಟೋಬರ್. ಚಳಿಗೆಂದು ಊರಿಗೆಲ್ಲ ಬಿಸಿ ಹಾಯಿಸುವ ಕಲ್ಲಿದ್ದಲ ಬಾಯ್ಲರುಗಳು ಆಗಷ್ಟೇ ಉರಿಯತೊಡಗಿದ್ದವು. ಗಾಳಿಯಲ್ಲಿ ಪಿಎಂ 2.5 ಎಂಬ ಸಣ್ಣ ದೂಳು ಘನಮೀಟರಿಗೆ 1000 ಮೈಕ್ರೋಗ್ರಾಂ ಮುಟ್ಟಿತು. ಎದುರಿನ ಮನುಷ್ಯ ಕಾಣಲಿಲ್ಲ. ಶಾಲೆ ಮುಚ್ಚಿದವು. ವಿಮಾನ ನಿಲ್ದಾಣ ಮುಚ್ಚಿತು. 2014ರ ಮಾರ್ಚ್‌ನಲ್ಲಿ ಚೀನಾದ ಪ್ರಧಾನಿ ಲಿ ಕಚಿಯಾಂಗ್ ಮಾಲಿನ್ಯದ ಮೇಲೆ ಯುದ್ಧ ಸಾರಿದರು.

ಯುದ್ಧ ಸಾರುವುದು ನಮಗೂ ಗೊತ್ತು. ವ್ಯತ್ಯಾಸ ಏನೆಂದರೆ ಅವರು ಹೋರಾಡಿದರು. ಬೀಜಿಂಗ್‌ನ ವಾರ್ಷಿಕ ಪಿಎಂ 2.5 ಸರಾಸರಿ 2013ರಲ್ಲಿ 89.5 ಇತ್ತು. 2024ರಲ್ಲಿ 30.5. ದಿಲ್ಲಿಯದು ಇವತ್ತಿಗೂ 100ರ ಆಸುಪಾಸು. ನಮ್ಮದೇ ಕಾನೂನಿನ ಮಿತಿ 40. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5. ಆ ಸಂಸ್ಥೆ ಯಾವ ಗ್ರಹದಲ್ಲಿದೆ ಎಂದು ರೋಹಿಣಿಯಲ್ಲಿ ಯಾರಿಗೂ ಗೊತ್ತಿಲ್ಲ.

ಚೀನಾವನ್ನು ಹೊಗಳಿದೆ ಎಂದು ದೇಶಭಕ್ತರು ಏಳುವ ಮೊದಲು ಹೇಳಿಬಿಡುತ್ತೇನೆ. ಅಲ್ಲಿ 2015ರಲ್ಲಿ ಪತ್ರಕರ್ತೆ ಚಾಯ್ ಜಿಂಗ್ ಹೊಗೆಯ ಮೇಲೊಂದು ಸಾಕ್ಷ್ಯಚಿತ್ರ ಮಾಡಿದರು. ಕೋಟ್ಯಂತರ ಜನ ನೋಡಿದರು. ಕೆಲವೇ ದಿನಗಳಲ್ಲಿ ಅಲ್ಲಿನ ಸರ್ಕಾರ ಅದನ್ನು ಅಂತರ್ಜಾಲದಿಂದ ಕಿತ್ತುಹಾಕಿತು. ಬಾಯಿ ಮುಚ್ಚಿಸಿ ಹೊಗೆಯನ್ನೂ ಕಡಿಮೆ ಮಾಡಿದರು. ನಮ್ಮಲ್ಲಿ ಬಾಯಿಗೆ ಪೂರ್ಣ ಸ್ವಾತಂತ್ರ್ಯ. ತೆರೆದರೆ ಹೊಗೆ ಒಳಗೆ ಹೋಗುತ್ತದೆ, ಅಷ್ಟೇ.

ಇರಲಿ. ನೆಂಟರು ಬಂದಾಯಿತು. ಒಂದು ದಿನದಲ್ಲಿ ದಿಲ್ಲಿ ತೋರಿಸಬೇಕು. ಅತಿಥಿ ದೇವೋ ಭವ. ದೇವರಿಗೆ ಧೂಪ ಹಾಕುವುದು ನಮ್ಮ ಸಂಪ್ರದಾಯವೇ.

ಬೆಳಗ್ಗೆ ಗೇಟಿನ ಹತ್ತಿರ ಮೊದಲ ಪ್ರೇಕ್ಷಣೀಯ ಸ್ಥಳ. ಸೊಸೈಟಿಯ ವಾಚ್‌ಮನ್ ರಾತ್ರಿಯೆಲ್ಲ ತಗಡಿನ ಬಾಣಲೆಯಲ್ಲಿ ಕಡ್ಡಿ ಉರಿಸಿ ಕೈ ಕಾಯಿಸಿಕೊಂಡಿರುತ್ತಾನೆ. ಅದು ಅಪರಾಧ. ಬಯಲಲ್ಲಿ ಬೆಂಕಿ ಹಾಕಿದರೆ 5000 ರೂಪಾಯಿವರೆಗೆ ದಂಡ. ಕಾವಲುಗಾರರಿಗೆ ಎಲೆಕ್ಟ್ರಿಕ್ ಹೀಟರ್ ಕೊಡಿ ಎಂದು ನಿವಾಸಿ ಸಂಘಗಳಿಗೆ ಆದೇಶವಿದೆ. ಆದೇಶವನ್ನು ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಿಕೊಂಡಾಯಿತು. ಎಲ್ಲರೂ ಕೈಮುಗಿದ ಚಿಹ್ನೆ ಒತ್ತಿದರು. ಹೀಟರ್ ಮಾತ್ರ ಬರಲಿಲ್ಲ.

ಅದೇ ಸಂಘದ ಸದಸ್ಯರ ಮಗಳ ಮದುವೆಗೆ ಹಾಲ್‌ನ ಮುಂದೆ ಅರ್ಧ ಗಂಟೆ ಪಟಾಕಿ. ಹಿಂದೆ ಡೀಸೆಲ್ ಜನರೇಟರ್. ಮೆರವಣಿಗೆಯಲ್ಲಿ ಒಬ್ಬೊಬ್ಬರೇ ಕೂತು ಬಂದ ದೊಡ್ಡ ದೊಡ್ಡ ಕಾರು. ಅದಕ್ಕೆ ಯಾರೂ ದಂಡ ಹಾಕಲಿಲ್ಲ. ಅದು ಸಂಸ್ಕೃತಿ. ವಾಚ್‌ಮನ್ ಕೈ ಕಾಯಿಸಿಕೊಂಡದ್ದು ಮಾಲಿನ್ಯ.

ರೋಹಿಣಿ ವೆಸ್ಟ್‌ನಿಂದ ರೆಡ್ ಲೈನ್ ಮೆಟ್ರೊ. 2004ರಿಂದ ಓಡುತ್ತಿದೆ. ಈ ಊರಿನಲ್ಲಿ ನಂಬಬಹುದಾದ ಕೆಲವೇ ವಸ್ತುಗಳಲ್ಲಿ ಇದೊಂದು. ಮೆಟ್ರೊ ಎತ್ತರದ ಹಳಿಯ ಮೇಲೆ ಹೋಗುತ್ತದೆ. ಕಿಟಕಿಯಿಂದ ನಗರ ನೋಡಬಹುದಂತೆ. ನೆಂಟರು ಮೂಗನ್ನು ಗಾಜಿಗೆ ಒತ್ತಿ ನೋಡಿದರು. ಬೂದಿ ಬಣ್ಣ ಕಂಡಿತು. ‘ವಾವ್, ಎಂಥ ಮಂಜು!’ ಎಂದು ಅತ್ತಿಗೆ ವಿಡಿಯೊ ಮಾಡಿಕೊಂಡರು. ಅದಕ್ಕೆ ಕೊಡಗಿನ ಹಾಡೊಂದನ್ನೂ ಜೋಡಿಸಿದರು. ಸಂಜೆಯೊಳಗೆ ಊರಿನವರೆಲ್ಲ ಹೃದಯ ಒತ್ತಿದರು. ಶ್ವಾಸಕೋಶ ಒತ್ತಲು ಬಟನ್ ಇಲ್ಲ.

ಇದು ಮಂಜಲ್ಲ ಅತ್ತಿಗೆ. ಚಳಿ ಹೊಗೆಯನ್ನು ಹುಟ್ಟಿಸುವುದಿಲ್ಲ, ಹಿಡಿದಿಡುತ್ತದೆ. ಚಳಿಗಾಲದಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗೆ ಕೂರುತ್ತದೆ, ಅದರ ಮೇಲೆ ಬೆಚ್ಚನೆಯ ಪದರ. ಕೆಳಗಿನದು ಮೇಲೇಳುವುದಿಲ್ಲ. ಬೀಸುವ ಗಾಳಿಯೂ ಇಲ್ಲ. ನಾವು ಬಿಟ್ಟದ್ದು ನಮ್ಮಲ್ಲೇ ಉಳಿಯುತ್ತದೆ. ವಾಹನ, ಕಾರ್ಖಾನೆ, ರಸ್ತೆ ದೂಳು, ಸುಟ್ಟ ಕಸ. ಪ್ರಕೃತಿ ಮುಚ್ಚಳ ಹಾಕಿತು, ಸರಿ. ಒಳಗೆ ತುಂಬಿದ್ದು ಯಾರು?

ಅಕ್ಟೋಬರ್, ನವೆಂಬರ್‌ನಲ್ಲಿ ಉತ್ತರ ಸುಲಭ. ರೈತ. ಪಂಜಾಬ್, ಹರಿಯಾಣದವನು ಭತ್ತದ ಕೂಳೆ ಸುಟ್ಟ. ದಿಲ್ಲಿಯ ಬುದ್ಧಿವಂತರಿಗೆ ಅಷ್ಟು ಸಾಕು. ರಾಜಕಾರಣಿಗೆ ಇನ್ನೂ ಅನುಕೂಲ. ಆಪ್ ದಿಲ್ಲಿಯನ್ನು ಮಾತ್ರ ಆಳುತ್ತಿದ್ದಾಗ ಪಂಜಾಬಿನ ಹೊಗೆ ಅದರ ಕಣ್ಣಿಗೆ ಚುಚ್ಚುತ್ತಿತ್ತು. 2022ರಲ್ಲಿ ಪಂಜಾಬೂ ಕೈಗೆ ಬಂದದ್ದೇ ತಡ, ಹೊಗೆ ಹರಿಯಾಣದಿಂದ ಬರತೊಡಗಿತು. ಬಿಜೆಪಿಯ ಮೂಗಿಗೆ ಹರಿಯಾಣದ ಹೊಗೆ ಎಂದೂ ಬಡಿದಿಲ್ಲ. ಗಾಳಿ ಬೀಸುವ ದಿಕ್ಕನ್ನು ಇಲ್ಲಿ ಹವಾಮಾನ ಇಲಾಖೆ ನಿರ್ಧರಿಸುವುದಿಲ್ಲ, ಪಕ್ಷದ ಕಚೇರಿ ನಿರ್ಧರಿಸುತ್ತದೆ.

ಆದರೆ ಡಿಸೆಂಬರ್ ಮಧ್ಯಕ್ಕೆ ಗದ್ದೆಯಲ್ಲಿ ಗೋಧಿ ಮೊಳೆತಿರುತ್ತದೆ. ಸುಡಲು ಕೂಳೆ ಇಲ್ಲ. ಬೈಯಲು ರೈತನಿಲ್ಲ. 461 ಬಂದದ್ದು ಆಗ. ಕೋವಿಡ್ ಕಾಲದಲ್ಲೂ ಕೂಳೆ ಸುಡುತ್ತಿದ್ದರಲ್ಲ, ಆಗ ಆಕಾಶ ನೀಲಿ ಇದ್ದದ್ದು ಹೇಗೆ ಎಂದು ಸುಪ್ರೀಂ ಕೋರ್ಟ್ ಡಿಸೆಂಬರ್ 1ರಂದೇ ಕೇಳಿತ್ತು. ಉತ್ತರ ಎಲ್ಲರ ಮನೆಯ ಮುಂದೆ ನಿಂತಿದೆ. ಅದಕ್ಕೆ ನಾಲ್ಕು ಚಕ್ರ.

ಕಶ್ಮೀರಿ ಗೇಟ್‌ನಲ್ಲಿ ಬದಲಾಯಿಸಿ ಲಾಲ್ ಕಿಲಾ. ನೆಂಟರು ಕೆಂಪುಕೋಟೆ ನೋಡಿ ಕೇಳಿದರು, ‘ಇದೇನು ಭಾವ, ಅಲ್ಲಲ್ಲಿ ಕಪ್ಪಗಿದೆ?’ ಒಳ್ಳೆಯ ಪ್ರಶ್ನೆ. ಭಾರತ ಮತ್ತು ಇಟಲಿಯ ಸಂಶೋಧಕರು ಸೇರಿ ಇದನ್ನೇ ಅಧ್ಯಯನ ಮಾಡಿ 2025ರಲ್ಲಿ ಪ್ರಕಟಿಸಿದ್ದಾರೆ. ಗೋಡೆಯ ಮೇಲೆ ಕರಿಯ ಹಕ್ಕಳೆ ಕಟ್ಟಿದೆ. ದಪ್ಪ 0.05ರಿಂದ 0.5 ಮಿಲಿಮೀಟರ್. ಅದರೊಳಗೆ ಜಿಪ್ಸಂ, ಭಾರ ಲೋಹಗಳು. ಕಾರಣ, ನಗರದ ಗಾಳಿ.

1648ರಲ್ಲಿ ಮುಗಿದ ಕೋಟೆ. ದಾಳಿ ಕಂಡಿದೆ, ಲೂಟಿ ಕಂಡಿದೆ, ಬ್ರಿಟಿಷರ ಸೈನ್ಯ ಕಂಡಿದೆ. ಕಲ್ಲಿನ ಮೇಲೇ ಹಕ್ಕಳೆ ಕಟ್ಟಿಸಿದ ಈ ಗಾಳಿ ಮೂರು ವರ್ಷದ ಮಗುವಿನ ಎದೆಯೊಳಗೆ ಏನು ಮಾಡುತ್ತದೆ ಎಂದು ನೆಂಟರು ಕೇಳಲಿಲ್ಲ. ಸೆಲ್ಫಿಗೆ ಬೆಳಕು ಸಾಲದು ಎಂದು ಬೇಸರಪಟ್ಟರು.

ಪ್ರಧಾನಿಗಳು ವರ್ಷಕ್ಕೊಮ್ಮೆ ಇದೇ ಕೋಟೆಯಿಂದ ದೇಶಕ್ಕೆ ಭಾಷಣ ಮಾಡುತ್ತಾರೆ. ಆಗಸ್ಟ್ 15. ಮಳೆಗಾಲ. ಗಾಳಿ ಚೊಕ್ಕವಾಗಿರುತ್ತದೆ. ಸ್ವಾತಂತ್ರ್ಯ ಡಿಸೆಂಬರ್‌ನಲ್ಲಿ ಸಿಕ್ಕಿದ್ದರೆ ಭಾಷಣ ಅರ್ಧಕ್ಕೆ ನಿಂತು ಕೆಮ್ಮು ಮುಂದುವರಿಯುತ್ತಿತ್ತು. ಬಹುಶಃ ಆಗ ಏನಾದರೂ ಆಗುತ್ತಿತ್ತು.

ಮುಂದೆ ಕನಾಟ್ ಪ್ಲೇಸ್. ಅಲ್ಲಿ ಬಾಬಾ ಖರಕ್ ಸಿಂಗ್ ಮಾರ್ಗದಲ್ಲಿ ದಿಲ್ಲಿಯ ನಿಜವಾದ ಸ್ಮಾರಕವಿದೆ. ಸ್ಮಾಗ್ ಟವರ್. 24 ಮೀಟರ್ ಎತ್ತರ, 40 ಫ್ಯಾನ್, ಸುಮಾರು 20 ಕೋಟಿ ಖರ್ಚು. 2021ರ ಆಗಸ್ಟ್‌ನಲ್ಲಿ ಅಂದಿನ ಮುಖ್ಯಮಂತ್ರಿ ಕೇಜ್ರಿವಾಲ್ ಉದ್ಘಾಟಿಸಿದರು. ಅದೂ ಆಗಸ್ಟೇ. ಮೇಲಿನಿಂದ ಕೊಳಕು ಗಾಳಿ ಎಳೆದು ಕೆಳಗಿನಿಂದ ಶುದ್ಧ ಗಾಳಿ ಬಿಡುತ್ತದಂತೆ. ನಗರ 1500 ಚದರ ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ. ಟವರ್ ಒಂದು. ಆನಂದ ವಿಹಾರದ ಇನ್ನೊಂದನ್ನು ಸೇರಿಸಿದರೆ ಎರಡು.

2023ರ ಚಳಿಗಾಲದ ಹೊತ್ತಿಗೆ ಅದಕ್ಕೆ ಬೀಗ ಬಿದ್ದಿತ್ತು. ಹೊಗೆ ತುಂಬಿದಾಗ ಹೊಗೆ ಸೋಸುವ ಯಂತ್ರ ರಜೆಯಲ್ಲಿತ್ತು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೈದು ಚಾಲೂ ಮಾಡಿಸಿತು. ದೇಶದ ಅತ್ಯುನ್ನತ ನ್ಯಾಯಾಲಯ ಫ್ಯಾನಿನ ಸ್ವಿಚ್ ಹಾಕಿಸಬೇಕಾಯಿತು.

ಆ ರಸ್ತೆಯಲ್ಲೇ ರಾಜ್ಯಗಳ ಎಂಪೋರಿಯಂಗಳಿವೆ. ನಮ್ಮ ಕಾವೇರಿಯೂ ಇದೆ. ಶ್ರೀಗಂಧದ ಆನೆ, ಶ್ರೀಗಂಧದ ಸೋಪು. ನೆಂಟರು ಮೈಸೂರಿನಲ್ಲೇ ಸಿಗುವ ಸಾಮಾನನ್ನು ದಿಲ್ಲಿಯಲ್ಲಿ ಕೊಂಡರು. ಶುದ್ಧ ಗಾಳಿಯನ್ನೂ ಯಾವುದಾದರೂ ರಾಜ್ಯ ಬಾಟಲಿಯಲ್ಲಿ ತುಂಬಿ ಇಲ್ಲಿ ಮಾರಬಹುದು. ಜಿಎಸ್‌ಟಿ 18 ಪರ್ಸೆಂಟ್ ಆಗುತ್ತದೆ, ಅಷ್ಟೇ.

ತಮಾಷೆ ಅಂದುಕೊಳ್ಳಬೇಡಿ. ಏರ್ ಪ್ಯೂರಿಫೈಯರ್ ಮೇಲೆ 18 ಪರ್ಸೆಂಟ್ ತೆರಿಗೆ ಇದೆ. ಗಾಳಿ ಚೊಕ್ಕ ಮಾಡಿಕೊಡಲು ಆಗದಿದ್ದರೆ ತೆರಿಗೆಯನ್ನಾದರೂ ಇಳಿಸಿ ಎಂದು 2025ರ ಡಿಸೆಂಬರ್ 24ರಂದು ದಿಲ್ಲಿ ಹೈಕೋರ್ಟ್ ಕೇಳಿತು. ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಒಲ್ಲೆ ಎಂದು ವಾದಿಸಿತು. ಯಾವ ಕಡತಕ್ಕೂ ಇಷ್ಟು ವೇಗ ಕಂಡಿರಲಿಲ್ಲ. ಗಾಳಿ ಕೆಡಿಸಿದವನಿಗೆ ರಿಯಾಯಿತಿ, ಸೋಸಿಕೊಂಡವನಿಗೆ ತೆರಿಗೆ.

ಇಂಡಿಯಾ ಗೇಟ್ ತಲುಪಿದೆವು ಎಂದು ಮ್ಯಾಪ್ ಹೇಳಿತು. ಕಣ್ಣು ಒಪ್ಪಲಿಲ್ಲ. ಕರ್ತವ್ಯ ಪಥದ ಒಂದು ತುದಿಯಿಂದ ಇನ್ನೊಂದು ತುದಿಯ ರಾಷ್ಟ್ರಪತಿ ಭವನ ಕಾಣಬೇಕು. ರಾಷ್ಟ್ರಪತಿ ಭವನ ಹೋಗಲಿ, ಎರಡನೆಯ ದೀಪದ ಕಂಬವೂ ಅನುಮಾನ. ಟ್ಯಾಂಕರ್ ಲಾರಿಯೊಂದು ಆಕಾಶಕ್ಕೆ ನೀರು ಹಾರಿಸುತ್ತಾ ಹೋಯಿತು. ಲಾರಿ ಡೀಸೆಲ್‌ನದು.

ಇಲ್ಲಿ ಒಂದು ವಿಷಯ ನೆಂಟರಿಗೆ ಹೇಳಲೇಬೇಕಾಯಿತು. 2025ರ ನವೆಂಬರ್ 9ರಂದು ಇದೇ ಜಾಗಕ್ಕೆ ಅಪ್ಪ ಅಮ್ಮಂದಿರು ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಕೈಯಲ್ಲಿ ನೆಬ್ಯುಲೈಸರ್, ವೈದ್ಯರ ಚೀಟಿ. ಉಸಿರಾಡಲು ಗಾಳಿ ಕೊಡಿ ಎಂದರು. ಪೊಲೀಸರು ಹಲವರನ್ನು ಬಸ್ಸಿಗೆ ಹತ್ತಿಸಿ ಕರೆದೊಯ್ದರು. ಪ್ರತಿಭಟನೆಗೆ ಜಂತರ್ ಮಂತರ್ ಇದೆ, ಅನುಮತಿ ಪಡೆದು ಅಲ್ಲಿಗೆ ಹೋಗಿ ಎಂದರು.

ಅಂದರೆ ಇಂಡಿಯಾ ಗೇಟಿನಲ್ಲಿ ಜೋಳ ತಿನ್ನಬಹುದು. ಬಲೂನು ಹಾರಿಸಬಹುದು. ಹೊಗೆಯ ಮುಂದೆ ನಿಂತು ನಗಬಹುದು. ಹೊಗೆ ಯಾಕಿದೆ ಎಂದು ಕೇಳಬಾರದು. ಹೊಗೆಗೆ ಮಾತ್ರ ಅನುಮತಿ ಬೇಕಿಲ್ಲ, ಅದು ಎಲ್ಲಿ ಬೇಕಾದರೂ ಸೇರಬಹುದು.

‘ಸರ್ಕಾರ ಏನೂ ಮಾಡ್ತಿಲ್ವಾ ಭಾವ?’ ಅಯ್ಯೋ, ಮಾಡುತ್ತಿದೆ. 2025ರ ಅಕ್ಟೋಬರ್ 28ರಂದು ಮೋಡ ಬಿತ್ತನೆ ಮಾಡಿತು. ಐಐಟಿ ಕಾನ್ಪುರದ ವಿಮಾನ ಬಂತು. ಬುರಾರಿ, ಕರೋಲ್ ಬಾಗ್, ಮಯೂರ್ ವಿಹಾರದ ಮೇಲೆ ಹಾರಿತು. ಪ್ರಯೋಗಗಳ ಒಪ್ಪಂದ 3.21 ಕೋಟಿಯದು. ಮೋಡದಲ್ಲಿ ತೇವವೇ ಇರಲಿಲ್ಲ, 10ರಿಂದ 15 ಪರ್ಸೆಂಟ್. ನೋಯ್ಡಾದಲ್ಲಿ 0.1 ಮಿಲಿಮೀಟರ್ ಹನಿ ದಾಖಲಾಯಿತು. ದಿಲ್ಲಿಗೆಂದು ಬಿತ್ತಿದರೆ ಪಕ್ಕದ ರಾಜ್ಯದಲ್ಲಿ ಬೆಳೆ ಬಂತು.

ಅದಕ್ಕೂ ಎಂಟು ದಿನ ಮೊದಲು ದೀಪಾವಳಿ. ಸುಪ್ರೀಂ ಕೋರ್ಟ್ ಹಸಿರು ಪಟಾಕಿಗೆ ಗಂಟೆ ಲೆಕ್ಕದಲ್ಲಿ ಒಪ್ಪಿಗೆ ಕೊಟ್ಟಿತ್ತು. ರೋಹಿಣಿಯಲ್ಲಿ ಮಧ್ಯರಾತ್ರಿ ದಾಟಿದರೂ ಹಸಿರು ಸಿಡಿಯುತ್ತಲೇ ಇತ್ತು. ಆ ದಿನ ಗಾಳಿ ಎಷ್ಟು ಕೆಟ್ಟಿತ್ತು? ದಿಲ್ಲಿಯ 37 ಮಾಪನ ಕೇಂದ್ರಗಳಲ್ಲಿ ಎಡೆಬಿಡದೆ ಕೆಲಸ ಮಾಡಿದ್ದು 9 ಮಾತ್ರ ಎಂದು ಆಮೇಲೆ ಅದೇ ಕೋರ್ಟಿನ ಮುಂದೆ ಹೇಳಲಾಯಿತು. ಹಬ್ಬದ ದಿನ ಯಂತ್ರಗಳೂ ರಜೆ ಹಾಕಿದ್ದವು. ಪಟಾಕಿ ಮಾತ್ರ ಓವರ್‌ಟೈಮ್.

ಮುಖ್ಯಮಂತ್ರಿ ಬದಲಾದರು, ಮಾತು ಬದಲಾಯಿತು, ಗಾಳಿ ಬದಲಾಗಲಿಲ್ಲ. 2025ರ ಡಿಸೆಂಬರ್‌ನ ಸಭೆಯೊಂದರಲ್ಲಿ ಈಗಿನ ಮುಖ್ಯಮಂತ್ರಿ ರೇಖಾ ಗುಪ್ತಾ ಎಕ್ಯೂಐಯನ್ನು ತಾಪಮಾನಕ್ಕೆ ಹೋಲಿಸಿದರು. ಅದೇ ತಿಂಗಳು ಫುಟ್‌ಬಾಲಿನ ಮೆಸ್ಸಿ ದಿಲ್ಲಿಗೆ ಬಂದ. ಸ್ಟೇಡಿಯಂನಲ್ಲಿ ಮುಖ್ಯಮಂತ್ರಿಯನ್ನು ಕಂಡ ಜನ ‘ಎಕ್ಯೂಐ, ಎಕ್ಯೂಐ’ ಎಂದು ಕೂಗಿದರು. ಅಷ್ಟು ಕೂಗಲು ಉಸಿರು ಎಲ್ಲಿಂದ ಬಂತೋ. ಅದರ ಎರಡು ದಿನಕ್ಕೆ ಲಖನೌದಲ್ಲಿ ಭಾರತ–ದಕ್ಷಿಣ ಆಫ್ರಿಕಾ ಟಿ20 ಪಂದ್ಯ ಒಂದೂ ಎಸೆತ ಕಾಣದೆ ರದ್ದಾಯಿತು. ದಟ್ಟ ಮಂಜಿನಲ್ಲಿ ಚೆಂಡು ಕಾಣುವಂತಿರಲಿಲ್ಲ. ಕ್ರಿಕೆಟ್ ನಿಂತಾಗ ದೇಶ ಸ್ವಲ್ಪ ಹೊತ್ತು ಗಾಬರಿಯಾಯಿತು. ಶಾಲೆ ನಿಂತಾಗ ಆಗಿರಲಿಲ್ಲ.

ಶಾಲೆ ಮುಚ್ಚಿದಾಗ ಮಕ್ಕಳು ಎಲ್ಲಿರುತ್ತಾರೆ ಗೊತ್ತೇ? ಮಾಲ್‌ನಲ್ಲಿ. ನೋಯ್ಡಾದ ಒಂದು ಮಾಲ್‌ನಲ್ಲಿ ಯಂತ್ರದಿಂದ ಹಿಮ ಮಾಡಿ ಸುರಿಸುತ್ತಾರೆ. ಹೊರಗೆ ನಿಜವಾದ ಚಳಿ, ಉಸಿರಾಡುವಂತಿಲ್ಲ. ಒಳಗೆ ಸುಳ್ಳು ಚಳಿ, ಟಿಕೆಟ್ ಕೊಂಡು ನಡುಗಬೇಕು. ನೆಂಟರ ಮಗನಿಗೆ ಹಾರ್ಬಿನ್ ಸಿಕ್ಕಿದ್ದು ಅಲ್ಲೇ.

ಈ ಹೊತ್ತಿಗೆ ನೆಂಟರ ಗಂಟಲು ಕೆರೆಯತೊಡಗಿತ್ತು. ಗಂಟಲು ಕೆರೆದಾಗ ಕನ್ನಡಿಗನಿಗೆ ತವರಿನ ಅಭಿಮಾನ ಉಕ್ಕುತ್ತದೆ. ‘ಏನೇ ಹೇಳಿ ಭಾವ, ನಮ್ಮ ಬೆಂಗಳೂರೇ ವಾಸಿ.’

ವಾಸಿ, ಒಪ್ಪಿದೆ. ಬೆಂಗಳೂರಿನಲ್ಲಿ ಗಾಳಿಗೆ ಬೆಂಕಿ ಬೀಳುವುದಿಲ್ಲ. ಕೆರೆಗೆ ಬೀಳುತ್ತದೆ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಸ್ಕೂಟರ್ ಸವಾರರ ಮುಖಕ್ಕೆ ಬಡಿಯಿತು. ಹಾರ್ಬಿನ್ ನೋಡಲಾಗದ ಬಡವರಿಗೆ ಅದೇ ಹಿಮಪಾತ. 2017ರಲ್ಲೂ 2018ರಲ್ಲೂ ಅದೇ ಕೆರೆ ಹೊತ್ತಿ ಉರಿಯಿತು. ನೀರಿಗೆ ಬೆಂಕಿ ಹಚ್ಚಿದ ಊರಿನವರು ದಿಲ್ಲಿಯ ಗಾಳಿಗೆ ಮೂಗು ಮುರಿಯುತ್ತಾರೆ. ಬೆಂಗಳೂರಿನ ಗಾಳಿಯನ್ನು ಕಾಪಾಡುತ್ತಿರುವುದು ಪಾಲಿಕೆಯಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರ ಮತ್ತು ಬೀಸುಗಾಳಿ. ಭೂಗೋಳದ ದಯೆಯನ್ನು ಸ್ವಂತ ಸಾಧನೆ ಎಂದು ಬರೆದುಕೊಳ್ಳಬೇಡಿ.

ಚಾಣಕ್ಯಪುರಿಯ ಕಡೆ ಹೋದರೆ ಕರ್ನಾಟಕ ಭವನ. ಹೊಸ ಕಾವೇರಿ ಕಟ್ಟಡ 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾಯಿತು. ದಿಲ್ಲಿಯ ಚಳಿಗಾಲಕ್ಕೆ ತಪ್ಪದೆ ಬರುವ ಪ್ರವಾಸಿಗರು ಇಲ್ಲಿ ಇಳಿಯುತ್ತಾರೆ. ಅವರು ಕುತುಬ್ ಮಿನಾರ್ ನೋಡುವುದಿಲ್ಲ. ಹೈಕಮಾಂಡ್ ನೋಡುತ್ತಾರೆ. 2025ರ ನವೆಂಬರ್‌ನಲ್ಲಿ ಮುಖ್ಯಮಂತ್ರಿ ಕುರ್ಚಿಯ ಎಳೆದಾಟಕ್ಕೆ ಶಾಸಕರು ತಂಡ ಕಟ್ಟಿಕೊಂಡು ಬಂದರು. ಆಗ ದಿಲ್ಲಿಯ ಗಾಳಿ ‘ಅತಿ ಕಳಪೆ’ ದರ್ಜೆಯಲ್ಲಿತ್ತು. ಕ್ಷೇತ್ರದ ಹಳ್ಳಿಗೆ ದೂಳು ಎಂದು ಹೋಗದವರು ಕುರ್ಚಿಗಾಗಿ ಇಷ್ಟು ಹೊಗೆ ಕುಡಿದರು. ತ್ಯಾಗ ಅಂದರೆ ಇದು.

ಸಂಜೆ ರೋಹಿಣಿಗೆ ವಾಪಸ್. ಕತ್ತಲಾಗುವ ಮೊದಲು ನಮ್ಮೂರಿನ ಬೆಟ್ಟ ತೋರಿಸಿದೆ. ದಿಲ್ಲಿ ಬಯಲು ಪ್ರದೇಶ, ಬೆಟ್ಟ ಎಲ್ಲಿಂದ ಬಂತು ಎಂದರು. ನಾವೇ ಮಾಡಿದ್ದು. ಭಲಸ್ವಾ. 1994ರಿಂದ ಕಸ ಸುರಿದು ಸುರಿದು ಏಳಿಸಿದ್ದು. ತುಂಬಿತು ಎಂದು ಘೋಷಿಸಿ ಎರಡು ದಶಕವಾಯಿತು. ಸುರಿಯುವುದು ನಿಲ್ಲಲಿಲ್ಲ. 2022ರ ಏಪ್ರಿಲ್‌ನಲ್ಲಿ ಅದಕ್ಕೆ ಬೆಂಕಿ ಬಿದ್ದು ದಿನಗಟ್ಟಲೆ ಉರಿಯಿತು. ಪೂರ್ವ ದಿಲ್ಲಿಯಲ್ಲಿ ಗಾಜಿಪುರ ಅಂತ ಇದರ ಅಣ್ಣನಿದ್ದಾನೆ. ಅದು ಕುತುಬ್ ಮಿನಾರ್‌ನ ಎತ್ತರ ಮುಟ್ಟುವ ದಿನ ದೂರವಿಲ್ಲ, ವಿಮಾನಗಳಿಗೆ ಕೆಂಪು ದೀಪ ಇಡಬೇಕಾದೀತು ಎಂದು ಸುಪ್ರೀಂ ಕೋರ್ಟೇ 2018ರಲ್ಲಿ ಹೇಳಿತ್ತು. ಕುತುಬ್ ಮಿನಾರ್ ಕಟ್ಟಲು ಸುಲ್ತಾನರು ಬೇಕಾದರು. ಕಸದ ಬೆಟ್ಟಕ್ಕೆ ಪಾಲಿಕೆಯೇ ಸಾಕಾಯಿತು.

ಅನ್ಯಾಯವಾಗಿ ಮಾತಾಡಬಾರದು. ಈ ಬೆಟ್ಟಗಳ ಕಸ ಸೋಸಿ ರಸ್ತೆಗೂ ಬಳಸಿದ್ದಾರೆ. ಯುಇಆರ್–2 ಎಂಬ ಹೆದ್ದಾರಿಯನ್ನು ಪ್ರಧಾನಿ 2025ರ ಆಗಸ್ಟ್ 17ರಂದು ನಮ್ಮ ರೋಹಿಣಿಯಲ್ಲೇ ಉದ್ಘಾಟಿಸಿದರು. ಮತ್ತೆ ಆಗಸ್ಟೇ. ಕಸ ಕರಗಿ ರಸ್ತೆಯಾಯಿತು. ರಸ್ತೆ ಅಗಲವಾಯಿತು. ಅಗಲವಾದ ರಸ್ತೆಗೆ ಹೊಸ ಕಾರು ಬಂದವು. ಹೊಗೆ ಕರಗಿ ಏನಾಗುತ್ತದೆ ಎಂಬುದರ ಯೋಜನೆ ಇನ್ನೂ ಬಂದಿಲ್ಲ.

ರಾತ್ರಿ ನೆಂಟರಿಗೆ ಕೆಮ್ಮು. ಕಷಾಯ ಕೊಟ್ಟೆವು. ಮೆಣಸು, ಶುಂಠಿ, ಬೆಲ್ಲ. ‘ಹವಾ ಬದಲಾಗಿದ್ದಕ್ಕೆ’ ಎಂದು ಅವರೇ ಸಮಾಧಾನ ಹೇಳಿಕೊಂಡರು. ಸರ್ಕಾರದ ನಿಲುವೂ ಅದೇ. ಹೆಚ್ಚಿನ ಎಕ್ಯೂಐಗೂ ಶ್ವಾಸಕೋಶದ ಕಾಯಿಲೆಗೂ ನೇರ ಸಂಬಂಧ ಸಾಬೀತು ಮಾಡುವ ಖಚಿತ ದತ್ತಾಂಶವಿಲ್ಲ ಎಂದು ಕೇಂದ್ರ 2025ರ ಡಿಸೆಂಬರ್‌ನಲ್ಲಿ ರಾಜ್ಯಸಭೆಗೆ ಲಿಖಿತ ಉತ್ತರ ಕೊಟ್ಟಿತು. ಉತ್ತರ ಸಿದ್ಧವಾದ ಕಟ್ಟಡದಲ್ಲಿ ಏರ್ ಪ್ಯೂರಿಫೈಯರ್ ಇತ್ತೇ ಎಂದು ಯಾರೂ ಪೂರಕ ಪ್ರಶ್ನೆ ಹಾಕಲಿಲ್ಲ.

ಅದೇ ವಾರ ಲೋಕಸಭೆಯ ಪಟ್ಟಿಯಲ್ಲಿ ದಿಲ್ಲಿಯ ಗಾಳಿಯ ಚರ್ಚೆ ಇತ್ತು. ಚಳಿಗಾಲದ ಅಧಿವೇಶನ, ಚಳಿಗಾಲದ ಹೊಗೆ, ಹೊಂದಿಕೆಯಾಗಿತ್ತು. ಬೇರೊಂದು ಮಸೂದೆಯ ಗದ್ದಲದಲ್ಲಿ ಸದನ ಮುಗಿಯಿತು. ಡಿಸೆಂಬರ್ 19ಕ್ಕೆ ಅನಿರ್ದಿಷ್ಟ ಕಾಲ ಮುಂದೂಡಿಕೆ. ಆಳುವವರು ಗದ್ದಲವನ್ನು ಬೈದರು. ಎದುರಿನವರು ಆಳುವವರನ್ನು ಬೈದರು. ಇಬ್ಬರೂ ಒಂದೇ ವಿಮಾನ ನಿಲ್ದಾಣದಿಂದ ಹೊರಟುಹೋದರು. ಮಂಜಿನಿಂದ ವಿಮಾನ ತಡವಾದದ್ದಕ್ಕೆ ಮಾತ್ರ ಪಕ್ಷಾತೀತವಾಗಿ ಸಿಟ್ಟಾದರು.

ಅವರಲ್ಲಿ ನಮ್ಮವರೂ ಇದ್ದಾರೆ. ಲೋಕಸಭೆಗೆ 28, ರಾಜ್ಯಸಭೆಗೆ 12, ಕರ್ನಾಟಕ ಕಳಿಸುವುದು 40 ಜನರನ್ನು. ಅಧಿವೇಶನದ ಅಷ್ಟೂ ದಿನ ಅವರೂ ಇದೇ ಗಾಳಿ ಕುಡಿಯುತ್ತಾರೆ. ಮಂತ್ರಿಯಾದವರು ವರ್ಷವಿಡೀ ಕುಡಿಯುತ್ತಾರೆ. ಗಾಳಿಗೆ ಪಕ್ಷವಿಲ್ಲ, ವಿಐಪಿ ಬಂಗಲೆಯ ಗೇಟಿನಲ್ಲಿ ಅದು ಪಾಸ್ ತೋರಿಸುವುದಿಲ್ಲ. ಆದರೂ ಇವರಿಗೆ ದಿಲ್ಲಿ ಬರೀ ವಿಳಾಸ. ಊರಲ್ಲ.

ನಮ್ಮ ನೆಂಟರು ಮರುದಿನ ರೈಲು ಹತ್ತಿದರು. ಅವರನ್ನು ದೂರುವುದಿಲ್ಲ. ಅವರು ಒಂದು ದಿನ ಕಣ್ಣು ಮುಚ್ಚಿಕೊಂಡರು. ನಾವು ರೋಹಿಣಿಯವರು ಪ್ರತಿ ಚಳಿಗಾಲ ಮುಚ್ಚಿಕೊಳ್ಳುತ್ತೇವೆ. ಡಿಸೆಂಬರ್‌ನಲ್ಲಿ ಮಾಸ್ಕ್ ಕೊಳ್ಳುತ್ತೇವೆ, ಮಾರ್ಚ್‌ನಲ್ಲಿ ಕಾರು ಕೊಳ್ಳುತ್ತೇವೆ. ಹೋಳಿಯ ಹೊತ್ತಿಗೆ ಗಾಳಿ ಬೀಸುತ್ತದೆ, ಸಿಟ್ಟು ಹಾರಿಹೋಗುತ್ತದೆ. ಮತ ಹಾಕುವಾಗ ಜಾತಿ ನೆನಪಿರುತ್ತದೆ, ಧರ್ಮ ನೆನಪಿರುತ್ತದೆ, ಫ್ರೀ ಕರೆಂಟು ನೆನಪಿರುತ್ತದೆ. ಕೆಮ್ಮು ನೆನಪಿರುವುದಿಲ್ಲ.

ಆದರೂ ನೆಂಟರಿಗೆ ರೈಲಿನ ಬಾಗಿಲಲ್ಲಿ ಒಂದು ಕೆಲಸ ವಹಿಸಿದೆ. ಅಧಿವೇಶನ ಮುಗಿಸಿ ನಿಮ್ಮ ಎಂಪಿ ಊರಿಗೆ ಬಂದಿರುತ್ತಾರೆ. ಯಾವುದೋ ಜಾತ್ರೆಯಲ್ಲಿ, ಯಾವುದೋ ಸನ್ಮಾನದಲ್ಲಿ ಸಿಗುತ್ತಾರೆ. ಹಾರ ಹಾಕಿ, ಶಾಲು ಹೊದಿಸಿ, ಬೇಡ ಅನ್ನುವುದಿಲ್ಲ. ಆಮೇಲೆ ಮೈಕ್ ಕೈಗೆ ಕೊಟ್ಟು ಒಂದೇ ಪ್ರಶ್ನೆ ಕೇಳಿ: ‘ಸಾಹೇಬ್ರೇ, ದಿಲ್ಲಿ ಗಾಳಿ ಬಗ್ಗೆ ಪಾರ್ಲಿಮೆಂಟಿನಲ್ಲಿ ಏನು ಮಾತಾಡಿದ್ರಿ?’

ಅವರು ಕೆಮ್ಮಿದರೆ, ಉತ್ತರ ಬಂತು ಅಂತ ಬರೆದುಕೊಳ್ಳಿ.